ಒಂದೇ ರನ್ ತೆರೆದಿದ್ದ ನವೆಂಬರ್‌ನಲ್ಲಿ ಮಗಳ ಜೊತೆ ಸ್ಕೀಯಿಂಗ್

ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನಿಂದ ಇಳಿದ ಕೂಡಲೇ ಮಗಳು ಬದಿಗೆ ಸರಿದು ನಿಂತುಬಿಟ್ಟಳು. ಕೆಳಗೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಅಮ್ಮಾ, ನಂಗೆ ಆಗಲ್ಲ" ಅಂದಳು. ಅಳಲಿಲ್ಲ. ಅತ್ತಿದ್ದರೆ ಹೇಗೆ ಸಮಾಧಾನ ಮಾಡಬೇಕು ಅಂತ ನನಗೆ ಗೊತ್ತಿತ್ತು. ಈ ಮೌನಕ್ಕೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ.

ನಾವಿರುವುದು ಅಮೆರಿಕದ ಡೆನ್ವರ್ ಹತ್ತಿರ. ಊರು ದಾವಣಗೆರೆ. ನಾನು ಸ್ಕೀ ಕಲಿತಿದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಇಲ್ಲಿಗೆ ಬಂದ ಮೇಲೆ. ಮಗಳಿಗೆ ಎಂಟು ವರ್ಷ. ಹಿಂದಿನ ಚಳಿಗಾಲದಲ್ಲಿ ಲವ್‌ಲ್ಯಾಂಡ್ ಅನ್ನೋ ಸ್ಕೀ ತಾಣದಲ್ಲಿ ನಾಲ್ಕು ಪಾಠ ಮುಗಿಸಿ, ಹಸಿರು ಗುರುತಿನ ರನ್‌ಗಳಲ್ಲಿ, ಅಂದರೆ ಸುಲಭದ ಇಳಿಜಾರು ದಾರಿಗಳಲ್ಲಿ, ಖುಷಿಯಾಗಿ ಇಳಿಯುತ್ತಿದ್ದಳು. ನವೆಂಬರ್ ಬಂದಾಗ ಇಬ್ಬರಿಗೂ ತಡೆಯಲಾಗಲಿಲ್ಲ. ಸೀಸನ್ ಶುರುವಾಗಿದೆ, ಹೋಗೋಣ ಅಂತ ಶನಿವಾರ ಹೊರಟೆವು.

ನಾನು ತಪ್ಪಿದ್ದು ಇಲ್ಲೇ. ಲವ್‌ಲ್ಯಾಂಡ್‌ನಲ್ಲಿ ಎರಡು ಭಾಗ ಇದೆ. ಒಂದು ಬೇಸಿನ್, ಅದು ದೊಡ್ಡದು. ಇನ್ನೊಂದು ವ್ಯಾಲಿ, ಕಲಿಯುವವರಿಗೆ. ಮಗಳು ಕಲಿತಿದ್ದೆಲ್ಲ ವ್ಯಾಲಿಯಲ್ಲಿ. ಆದರೆ ಸೀಸನ್ ಶುರುವಿನಲ್ಲಿ ತೆರೆಯುವುದು ಬೇಸಿನ್ ಮಾತ್ರ. ಅಲ್ಲೂ ಕ್ಯಾಟ್‌ವಾಕ್, ಮ್ಯಾಂಬೊ, ಹೋಮ್ ರನ್ ಅನ್ನೋ ಮೂರು ರನ್ ಸೇರಿ ಮೇಲಿಂದ ಕೆಳಗಿನ ತನಕ ಒಂದೇ ಉದ್ದದ ದಾರಿ, ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ. ಹೊಸಬರ ದಾರಿ ಅಲ್ಲ ಅದು. "ಓಪನ್" ಅನ್ನೋದಷ್ಟನ್ನೇ ನೋಡಿ ನಾನು ಟಿಕೆಟ್ ತೆಗೆದುಕೊಂಡಿದ್ದೆ. ಯಾವ ರನ್ ಓಪನ್, ಅದರ ಗುರುತು ಹಸಿರೋ, ಅದಕ್ಕಿಂತ ಕಷ್ಟದ ನೀಲಿಯೋ ಅಂತ ನೋಡಿರಲಿಲ್ಲ.

ಲಿಫ್ಟಿನಲ್ಲಿ ಮೇಲೆ ಹೋಗುವಾಗ ಅವಳು ಗಟ್ಟಿಯಾಗೇ ಇದ್ದಳು. ಪಕ್ಕದಲ್ಲಿ ಹಿಮ ಉಗುಳುವ ಯಂತ್ರಗಳನ್ನು ನೋಡಿ "ಅದು ಹೊಗೆನಾ?" ಅಂತ ಕೇಳಿದಳು. ಅಲ್ಲ ಪುಟ್ಟಾ, ನೀರು ಮತ್ತು ಒತ್ತಿದ ಗಾಳಿ ಅಂದೆ. ಸಣ್ಣ ಹನಿಗಳು ನೆಲ ಮುಟ್ಟುವ ಮುಂಚೆಯೇ ಗಟ್ಟಿಯಾಗುತ್ತವೆ. ಗಾಳಿ ಒಣಗಿದ್ದಷ್ಟೂ ಹಿಮ ಮಾಡುವವರಿಗೆ ಅನುಕೂಲ. ಅಜ್ಜಿ ಮನೆಯ ಮಡಕೆಯಲ್ಲಿ ನೀರು ತಣ್ಣಗಾಗುತ್ತಲ್ಲ, ಇದೂ ಹಾಗೇ. ಸ್ವಲ್ಪ ನೀರು ಆವಿಯಾಗಿ ಹೋಗುವಾಗ ಉಳಿದ ಹನಿಯನ್ನು ತಣ್ಣಗೆ ಮಾಡಿ ಹೋಗುತ್ತದೆ. ಅದಕ್ಕೇ ಕೊಲರಾಡೋದ ಒಣ ಹವೆಯಲ್ಲಿ ಅಕ್ಟೋಬರ್‌ನಲ್ಲೇ ರನ್ ಕಟ್ಟಲು ಶುರು ಮಾಡುತ್ತಾರೆ.

ಆದರೆ ಈ ಹಿಮ ಆಕಾಶದಿಂದ ಬಿದ್ದ ಹಿಮದ ಹಾಗಲ್ಲ. ಅದು ಹೂವಿನಂಥ ಪದರವಲ್ಲ, ಸಣ್ಣ ಮಂಜುಗಡ್ಡೆ ಕಾಳು. ಒತ್ತಾಗಿ ಕೂರುತ್ತದೆ. ನೂರಾರು ಜನ ಒಂದೇ ದಾರಿಯಲ್ಲಿ ಇಳಿದರೆ ನಡುಭಾಗ ಗೀರಿ ಗೀರಿ ನುಣ್ಣಗಾಗುತ್ತದೆ. ಮೇಲೆ ನಿಂತ ನನ್ನ ಮಗಳು ನೋಡಿದ್ದು ಆ ಹೊಳಪನ್ನೇ.

ಕೆಳಗಿಳಿಯಲು ನಮಗೆ ಐವತ್ತು ನಿಮಿಷ ಹಿಡಿಯಿತು. ಇಳಿಜಾರಿನಲ್ಲಿ ಸಹಾಯಕ್ಕೆ ಇರುವ ಸ್ಕೀ ಗಸ್ತಿನವರನ್ನು ಕರೆಯಬಹುದಿತ್ತು, ಕರೆಯೋದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಅವಳ ಕಾಲು ನಡುಗುತ್ತಿರಲಿಲ್ಲ, ಮಾತು ಕೇಳುತ್ತಿದ್ದಳು. ಹಾಗಾಗಿ ಪ್ರಯತ್ನ ಮಾಡಿದೆ. ಮೊದಲು ಇಬ್ಬರೂ ಎರಡು ನಿಮಿಷ ಸುಮ್ನೆ ನಿಂತು ನೀರು ಕುಡಿದೆವು. ಆಮೇಲೆ ನಾನು ಅವಳಿಗಿಂತ ಎರಡು ಮೀಟರ್ ಕೆಳಗೆ ಹೋಗಿ ನಿಂತೆ. ಜಾರಿದರೆ ಅಮ್ಮ ಇದ್ದಾಳೆ ಅಂತ ಕಣ್ಣಿಗೆ ಕಾಣಬೇಕು. "ಕೆಳಗೆ ನೋಡಬೇಡ, ಆ ಕಡೆ ಅಂಚಿಗೆ ಕಟ್ಟಿರೋ ಹಗ್ಗ ನೋಡು, ಅಲ್ಲಿಗೆ ಹೋಗೋಣ" ಅಂದೆ. ಇಳಿಯುವುದು ಅಂತ ಹೇಳಲೇ ಇಲ್ಲ. ಅಡ್ಡಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ, ಸ್ಕೀ ತುದಿಗಳನ್ನು ಪಿಜ್ಜಾ ತುಂಡಿನ ಹಾಗೆ ಕೂಡಿಸಿಕೊಂಡು ಹೋದಳು. ಅಂಚಿನಲ್ಲಿ ನಿಂತು, ತಿರುಗಿ, ಮತ್ತೆ ಅಡ್ಡಕ್ಕೆ.

ಅಂಚಿನಲ್ಲಿ ಇನ್ನೊಂದು ಲಾಭ ಇತ್ತು. ಜನ ಗೀರಿದ ಹಿಮ ಅಲ್ಲಿ ಬಂದು ಗುಡ್ಡೆಯಾಗುತ್ತದೆ, ಹಾಗಾಗಿ ಮೆತ್ತಗಿರುತ್ತದೆ. ಆದರೆ ತೀರಾ ಅಂಚಿಗೆ ಹೋದರೆ ಹಿಮ ತೆಳು, ಕಲ್ಲು ಕಾಣುತ್ತದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಿಂದಿನಿಂದ ಬರುವವರನ್ನು ನೋಡುವುದೂ ನನ್ನದೇ. ಕೆಳಗಿರುವವರಿಗೆ ದಾರಿ ಬಿಡಬೇಕು ಅನ್ನೋದು ಎಲ್ಲರಿಗೂ ಅನ್ವಯಿಸುವ ನಿಯಮ. ಆದರೆ ಏರು ದಾಟಿದ ತಕ್ಷಣ ನಿಂತಿರುವವರು ಮೇಲಿನವರಿಗೆ ಕಾಣುವುದೇ ಇಲ್ಲ. ಅದಕ್ಕೇ ಅಂಥ ಜಾಗದಲ್ಲಿ ಅವಳನ್ನು ಒಂದು ಸಲವೂ ನಿಲ್ಲಿಸಲಿಲ್ಲ.

ನಡುವೆ ಒಂದು ಕಡಿದಾದ ತುಂಡು ಇತ್ತು. ಅಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು, ನನ್ನ ಕೋಲನ್ನು ಅಡ್ಡ ಹಿಡಿದುಕೊಂಡೆವು, ಬಸ್ಸಿನಲ್ಲಿ ಸೀಟಿನ ಕಂಬಿ ಹಿಡಿಯುವ ಹಾಗೆ. ಅವಳು ಅದಕ್ಕೆ ಜೋತು ಬೀಳಲಿಲ್ಲ. ಸುಮ್ನೆ ಹಿಡಿದಿದ್ದಳು ಅಷ್ಟೇ. ಅದೇ ಸಾಕಾಯಿತು.

ಕೆಳಗೆ ಬಂದು ಥರ್ಮಾಸ್ ಬಿಚ್ಚಿದೆವು. ಬಿಸಿಬೇಳೆ ಬಾತ್ ಇನ್ನೂ ಹೊಗೆಯಾಡುತ್ತಿತ್ತು. ಇನ್ನೊಂದು ಸಲ ಹೋಗೋಣ್ವಾ ಅಂತ ನಾನು ಕೇಳಲಿಲ್ಲ. ಟಿಕೆಟ್ ದುಡ್ಡು ಹೋಯಿತಲ್ಲ ಅನ್ನೋ ಯೋಚನೆ ಬಂದಿದ್ದು ನಿಜ. ಅದನ್ನು ಬಾಯಿಗೆ ತರಲಿಲ್ಲ. ಹನ್ನೊಂದೂವರೆಗೆ ಕಾರು ಹತ್ತಿದೆವು. ಬೇರೆ ಮಕ್ಕಳ ತಂದೆತಾಯಿ ಕೇಳಿದರೆ ನಾನು ಮೊದಲು ಹೇಳುವುದೇ ಇದನ್ನು: ಹೆದರಿದ ದಿನ ಒಂದೇ ರನ್ ಸಾಕು.

ಅವತ್ತು ಬೂಟಿನ ಪಾಠವೂ ಆಯಿತು. ಬಾಡಿಗೆ ಅಂಗಡಿಯಲ್ಲಿ ಒಂದು ಸೈಜ್ ದೊಡ್ಡದು ಕೊಟ್ಟಿದ್ದರು, ಬೆಳೆಯೋ ಮಗು ಅಂತ. ನಾನೂ ತಲೆಯಾಡಿಸಿದ್ದೆ. ನಮ್ಮಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲಿಸುವುದೇ ಹಾಗಲ್ವಾ? ಸ್ಕೀ ಬೂಟಿಗೆ ಅದು ನಡೆಯಲ್ಲ. ಹಿಮ್ಮಡಿ ಒಳಗೆ ಎದ್ದರೆ ಕಾಲು ಹೇಳಿದ್ದು ಸ್ಕೀಗೆ ಮುಟ್ಟುವುದಿಲ್ಲ. ಈಗ ನಾನೇ ಪರೀಕ್ಷೆ ಮಾಡುತ್ತೇನೆ. ಬೂಟಿನ ಒಳಗಿನ ಮೆತ್ತೆ ತೆಗೆದು, ಬರೀ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳು ಮುಂದೆ ತಾಗುವ ಹಾಗೆ ನಿಲ್ಲಿಸಿದರೆ ಹಿಮ್ಮಡಿ ಹಿಂದೆ ಒಂದೆರಡು ಬೆರಳಿನಷ್ಟೇ ಜಾಗ ಇರಬೇಕು. ಸಾಕ್ಸ್ ಒಂದೇ ಜೊತೆ, ಉಣ್ಣೆಯದು, ತೆಳ್ಳಗಿನದು. ಚಳಿ ಅಂತ ಎರಡು ಹಾಕಿದರೆ ಕಾಲು ಒತ್ತಿ ರಕ್ತ ಓಡುವುದಿಲ್ಲ, ಇನ್ನೂ ತಣ್ಣಗಾಗುತ್ತದೆ. ಮೈಗೆ ಹತ್ತಿ ಬಟ್ಟೆ ಬೇಡ. ಬೆವರು ಹಿಡಿದರೆ ಒಣಗುವುದೇ ಇಲ್ಲ.

ಎತ್ತರವನ್ನೂ ಮರೆಯಬಾರದು. ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಲವ್‌ಲ್ಯಾಂಡ್‌ನ ಬುಡವೇ 3,290 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್ ಅಂದರೆ ಅಂದಾಜು ಸಿಗುತ್ತದೆ. ಮಗು ತಲೆನೋವು, ಹೊಟ್ಟೆ ತೊಳಸು ಅಂದರೆ ನೆಪ ಅಂತ ತಳ್ಳಿಹಾಕಬೇಡಿ. ನೀರು ಕುಡಿಸಿ, ಕೂರಿಸಿ, ಕಡಿಮೆಯಾಗದಿದ್ದರೆ ಕೆಳಗೆ ಕರೆದುಕೊಂಡು ಬನ್ನಿ. ಸನ್‌ಸ್ಕ್ರೀನ್ ಗಲ್ಲದ ಕೆಳಗೂ ಹಚ್ಚಬೇಕು, ಹಿಮದ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಇನ್ನು ರಸ್ತೆ: ಐ-70 ಹೆದ್ದಾರಿಯ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಟೈರಿನ ನಿಯಮ ಇದೆ. ಸವೆದ ಟೈರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ.

ಡಿಸೆಂಬರ್‌ನಲ್ಲಿ ವ್ಯಾಲಿ ತೆರೆಯಿತು. ಈ ಸಲ ರನ್‌ಗಳ ಪಟ್ಟಿಯನ್ನು ಹಿಂದಿನ ರಾತ್ರಿ ಇಬ್ಬರೂ ಕೂತು ನೋಡಿದೆವು. ಹಸಿರು ಗುರುತು ಎಲ್ಲೆಲ್ಲಿದೆ ಅಂತ ಅವಳೇ ಬೆರಳಿಟ್ಟು ತೋರಿಸಿದಳು. ಮೊದಲ ಅರ್ಧ ಗಂಟೆ ಮ್ಯಾಜಿಕ್ ಕಾರ್ಪೆಟ್, ಅಂದರೆ ನಿಂತವರನ್ನು ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿಯ ಪಕ್ಕದಲ್ಲೇ ಕಳೆದೆವು. ಕಳೆದ ವರ್ಷವೇ ಮುಗಿಸಿದ ಪಾಠ, ಆದರೂ ಬೇಕು ಅಂದಳು. ಆಮೇಲೆ ಲಿಫ್ಟ್. ಹನ್ನೊಂದು ಸಲ ಇಳಿದಳು, ಎಣಿಸಿದ್ದು ಅವಳೇ. ಸರಿಯಾದ ಸೈಜಿನ ಬೂಟಿನಲ್ಲಿ ತಿರುವುಗಳು ಎಷ್ಟು ಹಗುರವಾಗಿದ್ದವು ಅಂದರೆ ನಾನು ನಿಂತು ನೋಡಿದೆ.

ಬೇಸಿನ್‌ಗೆ ಮತ್ತೆ ಯಾವಾಗ ಹೋಗೋಣ ಅಂತ ನಾನು ಇನ್ನೂ ಕೇಳಿಲ್ಲ. ಮೊನ್ನೆ ಕಾರಿನಲ್ಲಿ ಅವಳೇ "ಆ ಹಗ್ಗದ ರನ್‌ಗೆ ಈಗ ಮೇಲೆ ನಿಜವಾದ ಹಿಮ ಬಿದ್ದಿರುತ್ತಾ ಅಮ್ಮಾ?" ಅಂದಳು. ಬಿದ್ದಿರುತ್ತೆ ಅಂದೆ. "ಹ್ಞೂಂ" ಅಂತ ಕಿಟಕಿಯ ಕಡೆ ತಿರುಗಿದಳು.