ಗುಳ್ಳೆ ಇಳಿದ ಮೇಲೆ ಇನ್ನೊಮ್ಮೆ ರುಚಿ ನೋಡಿ
ಆಲ್ಕೋಹಾಲ್ ಇಲ್ಲದ ಸ್ಪಾರ್ಕ್ಲಿಂಗ್ (ಗುಳ್ಳೆ ಏಳುವ) ವೈನ್‌ಗೆ ಕೊಟ್ಟ ದುಡ್ಡು ದಂಡವೋ ಅಲ್ಲವೋ ತಿಳಿಯಬೇಕಾದರೆ, ಎರಡು ಗುಟುಕಿನಷ್ಟನ್ನು ಅಗಲ ಬಾಯಿಯ ಲೋಟಕ್ಕೆ ಹಾಕಿ ಅರ್ಧ ಗಂಟೆ ಹೊರಗಿಡಿ. ಆಮೇಲೆ ಚಮಚದಲ್ಲಿ ಚೆನ್ನಾಗಿ ಕಲಕಿ, ಗುಳ್ಳೆ ಹೋದ ಮೇಲೆ ಕುಡಿದು ನೋಡಿ. ತಂಪು ಸಿಹಿಯನ್ನು ಮಂಕು ಮಾಡುತ್ತದೆ, ಗುಳ್ಳೆಯ ಗ್ಯಾಸ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗಿ ನಾಲಿಗೆ ಚುರುಗುಟ್ಟಿಸುತ್ತದೆ. ಎರಡೂ ಸೇರಿ ಸಕ್ಕರೆಯನ್ನು ಮುಚ್ಚಿಡುತ್ತವೆ. ಆಲ್ಕೋಹಾಲ್ ತೆಗೆದಾಗ ವೈನ್ ತೆಳ್ಳಗಾಗುವುದರಿಂದ, ಆ ಕೊರತೆ ತುಂಬಲು ಸಕ್ಕರೆ ಅಥವಾ ದ್ರಾಕ್ಷಿರಸ ಬೆರೆಸುವುದು ಮಾಮೂಲು. ಒಳ್ಳೆಯದಾಗಿದ್ದರೆ ಗುಳ್ಳೆ ಇಲ್ಲದೆಯೂ ಹುಳಿ ಉಳಿದಿರುತ್ತದೆ, ನುಂಗಿದ ಮೇಲೂ ಸ್ವಲ್ಪ ಹೊತ್ತು ಹಸಿ ಸೇಬಿನ ಅಥವಾ ನಿಂಬೆಸಿಪ್ಪೆಯ ವಾಸನೆ ಬಾಯಲ್ಲಿರುತ್ತದೆ. ಇಲ್ಲದಿದ್ದರೆ ಬರೀ ಪಾನಕ! ಬಾಟಲಿ ಹಿಂದಿನ ಚೀಟಿಯಲ್ಲಿ 100 ಮಿಲಿಗೆ ಎಷ್ಟು ಗ್ರಾಂ ಸಕ್ಕರೆ ಅಂತ ಕುಡಿದ ಮೇಲೆ ನೋಡಿ, ಮೊದಲೇ ನೋಡಿದರೆ ನಾಲಿಗೆ ಅದನ್ನೇ ಹುಡುಕುತ್ತದೆ. ಚಹಾ ಸೊಪ್ಪಿನಿಂದ ಮಾಡಿದ ಸ್ಪಾರ್ಕ್ಲಿಂಗ್ ಪಾನೀಯಕ್ಕೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಅದರ ಒಗರು ಸಿಹಿಯನ್ನು ಮರೆಸಿಬಿಡುತ್ತದೆ. ಗುಳ್ಳೆ ಎಣಿಸಿ ಗುಣ ಅಳೆಯುವುದಂತೂ ಬೇಡವೇ ಬೇಡ. ಲೋಟ ಒರೆಸಿದ ಬಟ್ಟೆಯ ಎಳೆ ಅಂಟಿಕೊಂಡಿದ್ದರೂ ಗುಳ್ಳೆ ಜಾಸ್ತಿ ಏಳುತ್ತದೆ.