ದೋಣಿಯ ಬ್ಯಾಟರಿ ಹಾಳಾಗುವುದು ದಡದಲ್ಲೇ

ಐದು ವರ್ಷಗಳಲ್ಲಿ ಎರಡು ಬ್ಯಾಟರಿ ಕಳೆದುಕೊಂಡು ಈಗ ಮೂರನೆಯದನ್ನು ಬಳಸುತ್ತಿದ್ದೇನೆ. ಮೊದಲನೆಯದು ದೋಣಿಯ ಕೆಲಸಕ್ಕೆ ಮಾಡಿದ್ದೇ ಅಲ್ಲ, ಬೇಗ ಸತ್ತಿತು. ಎರಡನೆಯದು ಹೊಳೆಯಲ್ಲಿ ದುಡಿದು ಸತ್ತದ್ದಲ್ಲ, ಅರೆಬರೆ ಚಾರ್ಜ್ ಆಗಿ ಮನೆಯ ಜಗಲಿಯಲ್ಲಿ ಕುಳಿತೇ ಸತ್ತಿತು.

ನನ್ನದು 14 ಅಡಿಯ ಫೈಬರ್ ದೋಣಿ. ಭಾನುವಾರ ಬೆಳಿಗ್ಗೆ ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ಕಡೆಯಿಂದ ಸ್ವರ್ಣಾ ನದಿಯಲ್ಲಿ ಹೊರಟು, ಕುದ್ರುಗಳ (ನದಿ ನಡುವಿನ ದ್ವೀಪಗಳ) ಬದಿಯಲ್ಲೇ ಕೋಡಿ ಬೆಂಗ್ರೆಯ ಅಳಿವೆಯತ್ತ ಹೋಗಿ ಬರುವುದು ರೂಢಿ. ಹಕ್ಕಿಗಳು ಹೆದರಬಾರದೆಂದು 12 ವೋಲ್ಟಿನ ಸಣ್ಣ ವಿದ್ಯುತ್ ಮೋಟಾರ್ ಹಾಕಿಸಿದೆ. ಪೂರ್ತಿ ವೇಗದಲ್ಲಿ ಅದು 50 ಆಂಪಿಯರ್ ಎಳೆಯುತ್ತದೆ, ನಿಧಾನವಾಗಿ ಹೋದರೆ 18 ರಿಂದ 20. ಆಶ್ಚರ್ಯವೆಂದರೆ ಇವೆರಡರ ನಡುವೆ ದೋಣಿಯ ವೇಗದಲ್ಲಿ ಅಷ್ಟೇನೂ ಅಂತರವಿಲ್ಲ. ನೀರನ್ನು ಸೀಳಿ ಇನ್ನೂ ಸ್ವಲ್ಪ ಜೋರಾಗಿ ಹೋಗಬೇಕೆಂದರೆ ವಿದ್ಯುತ್ತು ದುಪ್ಪಟ್ಟಿಗಿಂತಲೂ ಹೆಚ್ಚು ಬೇಕಾಗುತ್ತದೆ. ಈ ಒಂದು ಲೆಕ್ಕ ಮೊದಲೇ ಗೊತ್ತಿದ್ದರೆ ಸಾಕಷ್ಟು ಹಣ ಉಳಿಯುತ್ತಿತ್ತು.

ಮೊದಲು ಹಾಕಿದ್ದು ಕಾರಿನ ಬ್ಯಾಟರಿ. ಅದರೊಳಗಿನ ಸೀಸದ ತಗಡುಗಳು ತೆಳು. ಎಂಜಿನ್ ಚಾಲೂ ಮಾಡಲು ಎರಡು ಮೂರು ಸೆಕೆಂಡು ಭಾರಿ ಕರೆಂಟು ಕೊಟ್ಟು, ಕೂಡಲೇ ಮತ್ತೆ ತುಂಬಿಕೊಳ್ಳುವುದಕ್ಕಾಗಿ ಮಾಡಿದ್ದು. ಎರಡು ಗಂಟೆ ಬಿಡದೆ ಎಳೆದರೆ ಅದು ತಡೆಯುವುದಿಲ್ಲ. ಎರಡೇ ತಿಂಗಳಲ್ಲಿ ಅರ್ಧ ಗಂಟೆಗೂ ಬಾರದಂತಾಯಿತು.

ಎರಡನೆಯದು ಮನೆಯ ಇನ್ವರ್ಟರ್‌ಗೆ ಬಳಸುವ 150 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಆಂಪಿಯರ್ ಎಷ್ಟು ಗಂಟೆ ಸಿಗುತ್ತದೆ ಎಂಬ ಗುಣಲಬ್ಧ) ಟ್ಯೂಬುಲರ್ ಬ್ಯಾಟರಿ. ಆಳವಾಗಿ ಖಾಲಿಯಾದರೂ ತಾಳಿಕೊಳ್ಳುವ ಜಾತಿಯೇ. ಆದರೆ ತೂಕ 50 ಕಿಲೋ ದಾಟುತ್ತದೆ, ದೋಣಿಗೆ ಇಳಿಸಲು ಇಬ್ಬರು ಬೇಕು. ದೋಣಿ ವಾಲಿದಾಗ ಮುಚ್ಚಳದ ಸಂದಿಯಿಂದ ಆಸಿಡ್ ಜಿನುಗುತ್ತಿತ್ತು. ಸೀಸದ ಬ್ಯಾಟರಿಯೊಳಗೆ ಉಪ್ಪುನೀರು ಹೊಕ್ಕರೆ ಕ್ಲೋರಿನ್ ವಿಷಾನಿಲ ಏಳುತ್ತದೆ ಎಂಬುದು ತಿಳಿದ ದಿನವೇ ಅದನ್ನು ಮುಚ್ಚಳವಿರುವ, ಮೇಲ್ಭಾಗದಲ್ಲಿ ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿದೆ. ಇನ್ನೊಂದು ಮಾತು: 150 ಎಎಚ್ ಎಂದು ಬರೆದಿರುವುದು 20 ಗಂಟೆಗಳ ಕಾಲ ನಿಧಾನವಾಗಿ ಎಳೆದರೆ ಸಿಗುವ ಲೆಕ್ಕ. ಮೋಟಾರು 40 ಆಂಪಿಯರ್ ಎಳೆದಾಗ ಅಷ್ಟು ಸಿಗುವುದಿಲ್ಲ. ಸಿಕ್ಕಿದ್ದರಲ್ಲೂ ಅರ್ಧವನ್ನಷ್ಟೇ ಬಳಸಿದರೆ ಬ್ಯಾಟರಿಗೆ ಕ್ಷೇಮ.

ಎರಡನೇ ವರ್ಷದ ಜನವರಿಯಲ್ಲಿ ಒಂದು ದಿನ ಅಳಿವೆಯ ಹತ್ತಿರದಿಂದ ಹಿಂತಿರುಗುವಾಗ ಇಳಿತದ ಸೆಳೆತ ಇನ್ನೂ ಜೋರಾಗಿತ್ತು. ನೀರಿಗೆ ಎದುರಾಗಿ ಹೋಗಲು ಮೋಟಾರನ್ನು ಪೂರ್ತಿ ತಿರುಗಿಸಿದೆ. ಹತ್ತು ನಿಮಿಷದಲ್ಲಿ ಅದರ ಸದ್ದು ಇಳಿಯಿತು, ದೋಣಿ ನಿಂತಲ್ಲೇ ನಿಂತಿತು. ಮೀಟರು 11.2 ವೋಲ್ಟ್ ತೋರಿಸುತ್ತಿತ್ತು. ಮೋಟಾರು ನಿಲ್ಲಿಸಿದರೆ 12.1ಕ್ಕೆ ಏರುತ್ತದೆ, ಚಾಲೂ ಮಾಡಿದರೆ ಮತ್ತೆ ಕುಸಿಯುತ್ತದೆ. ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು, "ಇಳಿತಕ್ಕೆ ಎದುರು ಯಾಕೆ ಹೋಗುತ್ತೀಯ ಮಾರಾಯ, ಉಬ್ಬರ ಬರಲಿ" ಎಂದರು. ಕಾಂಡ್ಲಾ ಗಿಡದ ಬೇರಿಗೆ ಹಗ್ಗ ಕಟ್ಟಿ, ನೀರು ತಿರುಗುವವರೆಗೆ ಬಿಸಿಲಲ್ಲಿ ಕಾದು, ಹುಟ್ಟು ಹಾಕುತ್ತಾ ಮನೆ ಸೇರಿದೆ.

ತಪ್ಪು ಎಲ್ಲಿ ಆಯಿತೆಂದು ಒಂದು ವಾರ ಕುಳಿತು ನೋಡಿದೆ. ಮಧ್ಯಾಹ್ನ ಎರಡಕ್ಕೆ ಚಾರ್ಜರ್ ಹಾಕಿ ರಾತ್ರಿ ಎಂಟಕ್ಕೆ ತೆಗೆಯುವುದು ನನ್ನ ಅಭ್ಯಾಸ. ತೆಗೆದ ಕೂಡಲೇ ಮೀಟರು 13.1 ತೋರಿಸುತ್ತಿತ್ತು, ತುಂಬಿತೆಂದು ಸಮಾಧಾನಪಡುತ್ತಿದ್ದೆ. ಆ ವಾರ ಮಾತ್ರ ಮುಟ್ಟದೆ ಬಿಟ್ಟು ಮರುದಿನ ಬೆಳಿಗ್ಗೆ ನೋಡಿದರೆ 12.4! ವಿಶ್ರಾಂತಿಯಲ್ಲಿರುವ ತುಂಬಿದ ಸೀಸದ ಬ್ಯಾಟರಿ 12.7ರ ಆಸುಪಾಸಿನಲ್ಲಿರಬೇಕು. ಕಾಲುಭಾಗ ಖಾಲಿಯೇ ಇತ್ತು. ಗೋಣಿಗೆ ಭತ್ತ ತುಂಬಿದ ಹಾಗೆ ಇದು: ಮೊದಲ ಮುಕ್ಕಾಲು ಭಾಗ ತಾನಾಗಿ ಸುರಿದು ತುಂಬುತ್ತದೆ, ಕೊನೆಯ ಪಾಲಿಗೆ ಕುಲುಕಿ, ತಟ್ಟಿ, ಕಾಯಬೇಕು. 14.4 ವೋಲ್ಟಿನಲ್ಲಿ ಹಿಡಿದಿಟ್ಟು, ಕರೆಂಟು ಒಂದೆರಡು ಆಂಪಿಯರ್‌ಗೆ ಇಳಿಯುವವರೆಗೆ ಇನ್ನೂ ಐದಾರು ಗಂಟೆ ಬೇಕಿತ್ತು. ನಾನು ಪ್ರತಿ ವಾರ ಆ ಗಂಟೆಗಳನ್ನೇ ಕಡಿದುಹಾಕುತ್ತಿದ್ದೆ. ಬ್ಯಾಟರಿ ಖಾಲಿಯಾಗುವಾಗ ತಗಡಿನ ಮೇಲೆ ಮೂಡುವ ಸೀಸದ ಸಲ್ಫೇಟು ಹಾಗೆಯೇ ಉಳಿದರೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಸುಲಭದಲ್ಲಿ ಕರಗುವುದಿಲ್ಲ. ಅದರ ಹಿಂದಿನ ಮಳೆಗಾಲದಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಅದೇ ಸ್ಥಿತಿಯಲ್ಲಿ ಜಗಲಿಯ ಮೂಲೆಯಲ್ಲಿ ಇಟ್ಟಿದ್ದೆ. ಅಲ್ಲಿಗೆ ಅದರ ಕಥೆ ಮುಗಿದಿತ್ತು.

ಈಗಿರುವುದು 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬೆಲೆ ಹೆಚ್ಚು. ಆದರೆ ತೂಕ 12 ಕಿಲೋ, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುತ್ತೇನೆ. ನೂರರಲ್ಲಿ ಎಂಬತ್ತನ್ನು ಧೈರ್ಯವಾಗಿ ಬಳಸಬಹುದು. ಗಂಟೆಗೆ 20ರಂತೆ ಮೂರು ಗಂಟೆ ಸುತ್ತಿದರೆ 60, ಉಳಿದ 20 ಸೆಳೆತಕ್ಕೆ ಸಿಕ್ಕಿಕೊಂಡಾಗಿನ ಆಪದ್ಧನ. ಅರ್ಧ ತುಂಬಿ ಬಿಟ್ಟರೂ ಇದಕ್ಕೆ ಏನೂ ಆಗದು. ನನ್ನಂತೆ ವಾರಕ್ಕೊಮ್ಮೆ ದೋಣಿ ಇಳಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಹಾಗೆಂದು ಹಳೆಯ ಚಾರ್ಜರನ್ನೇ ಸಿಕ್ಕಿಸಬೇಡಿ. ನಾನು ಸಿಕ್ಕಿಸಿದ್ದೆ. ಸಲ್ಫೇಟು ಬಿಡಿಸುವ ವಿಧಾನದಲ್ಲಿ ಅದು 15 ವೋಲ್ಟಿನತ್ತ ಏರಿದಾಗ ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಸಂಪರ್ಕವನ್ನೇ ಕಡಿಯಿತು. ಅದು ಕಾಪಾಡಿತು ಅನ್ನಿ. ಮರುದಿನವೇ 14.4 ದಾಟದ, 20 ಆಂಪಿಯರ್‌ನ ಲಿಥಿಯಂ ಚಾರ್ಜರ್ ತಂದೆ. ಮೂರೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್) ಇರುವವರು ಎಂಜಿನ್ನಿನಿಂದ ಲಿಥಿಯಂಗೆ ನೇರವಾಗಿ ವೈರ್ ಎಳೆಯಬಾರದು. ನಡುವೆ ವೋಲ್ಟು, ಕರೆಂಟನ್ನು ಹದದಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆಯೇ ಇರಲಿ.

ಲಿಥಿಯಂನಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಬಹುಪಾಲು ಸಮಯ 13.2ರ ಆಚೀಚೆ ನಿಂತೇ ಇರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಅದಕ್ಕಾಗಿ ಮೈನಸ್ ತಂತಿಯಲ್ಲಿ ಶಂಟ್ ಮೀಟರ್ ಕೂರಿಸಿದ್ದೇನೆ, ಹೋದ ಬಂದ ಆಂಪಿಯರ್‌ಗಳನ್ನು ಅದು ಎಣಿಸುತ್ತದೆ. ಪ್ಲಸ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇದೆ. ವೈರು ತವರದ ಲೇಪವಿರುವ ತಾಮ್ರದ್ದು. ಬರಿಯ ತಾಮ್ರ ನಮ್ಮ ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಒಳಗಿಂದೊಳಗೆ ಹಸಿರುಗಟ್ಟಿ ಪುಡಿಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಳೆದ ಜೂನ್‌ನಲ್ಲಿ ದೋಣಿ ಮೇಲೆಳೆದ ದಿನ ಬ್ಯಾಟರಿಯನ್ನು ಶೇಕಡಾ ಅರವತ್ತರಷ್ಟು ತುಂಬಿಸಿ, ಎರಡೂ ತಂತಿ ಬಿಡಿಸಿ, ಒಳಮನೆಯ ಕಪಾಟಿನ ಕೆಳಖಾನೆಯಲ್ಲಿ ಇಟ್ಟೆ. ಸೆಪ್ಟೆಂಬರ್ ಕೊನೆಯಲ್ಲಿ ತೆಗೆದು ಮಲ್ಟಿಮೀಟರ್ ಹಿಡಿದಾಗ 13.2 ವೋಲ್ಟ್ ಇತ್ತು. ಎರಡು ಗಂಟೆ ಚಾರ್ಜ್ ಮಾಡಿ, ಮರುದಿನ ಬೆಳಿಗ್ಗೆ ಉಬ್ಬರದ ಜೊತೆಗೆ ದೋಣಿ ಇಳಿಸಿದೆ.