ಹಿಂದಿನ ಸೀಟಿನ ಗುಂಡಿ ಮುಚ್ಚಿ, ನಾಯಿಗೊಂದು ಜಗಲಿ ಕಟ್ಟಿ

ಕನಕಪುರ ರಸ್ತೆಯಲ್ಲಿ ಒಂದು ಹಂಪ್. ಬಿಳಿ ಬಣ್ಣ ಅಳಿಸಿ ಹೋಗಿತ್ತು, ಹತ್ತಿರ ಬರುವವರೆಗೆ ಕಾಣಲೇ ಇಲ್ಲ. ಬ್ರೇಕ್ ಒತ್ತಿದೆ. ಹಿಂದೆ ಧಡ್ ಅಂತ ಸದ್ದಾಯಿತು. ತಿರುಗಿ ನೋಡಿದರೆ ಸೀಟಿನ ಮೇಲಿದ್ದ ನಮ್ಮ ನಾಯಿ ಕೆಂಚ ಮಾಯ. ನಾವು ಕಾಲಿಡುವ ಜಾಗದಲ್ಲಿ ನಾಲ್ಕು ಕಾಲೂ ಮೇಲೆ ಮಾಡಿಕೊಂಡು ಬಿದ್ದಿದ್ದ. ಪೆಟ್ಟೇನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ಪಿಕಪ್ ಬಾಗಿಲು ತೆಗೆದರೆ ಸಾಕು, ಗೇಟಿನ ಹತ್ತಿರವೇ ಕೂತುಬಿಡುತ್ತಿದ್ದ.

ಬೆಂಗಳೂರಿನ ರಸ್ತೆ ಗುಂಡಿ ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಗಾಡಿಯೊಳಗಿನ ಗುಂಡಿಯನ್ನಾದರೂ ಮುಚ್ಚಬಹುದು ಅಲ್ವಾ? ನಾಯಿಗೆ ಸೀಟು ಅಂದರೆ ಒಂದು ಕಿರಿದಾದ ಕಟ್ಟೆ, ಅದರ ಮುಂದೆ ಒಂದು ಹಳ್ಳ. ಪ್ರತಿ ಬ್ರೇಕಿಗೂ ಹಳ್ಳದ ಅಂಚಿನಲ್ಲಿ ನಿಂತು ಉಗುರು ಊರಿ ಒದ್ದಾಡಬೇಕು. ಆ ಹಳ್ಳ ಮುಚ್ಚಿ ಒಂದೇ ಮಟ್ಟದ, ಅಲ್ಲಾಡದ, ಜಾರದ ನೆಲ ಕೊಡುವುದೇ ಇಡೀ ಕೆಲಸ. ಉಳಿದದ್ದೆಲ್ಲ ಅಲಂಕಾರ.

ನಮ್ಮದು ಡಬಲ್ ಕ್ಯಾಬ್ ಪಿಕಪ್. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಥರ ನಾಲ್ಕು ಬಾಗಿಲು, ಹಿಂದೆ ಸಾಮಾನು ಹಾಕುವ ತೆರೆದ ಜಾಗ. ‘ಅಷ್ಟು ಜಾಗ ಇದೆಯಲ್ಲ, ಹಿಂದೆ ಹತ್ತಿಸಿ’ ಅನ್ನುವವರು ಬಹಳ ಜನ. ದಯವಿಟ್ಟು ಬೇಡ. ಒಂದು ಬೆಕ್ಕು ಕಂಡರೆ ಸಾಕು, ಓಡುವ ಗಾಡಿಯಿಂದಲೂ ನಾಯಿ ಹಾರುತ್ತದೆ.

ಮರದ ಕೆಲಸ ಅಲ್ಪಸ್ವಲ್ಪ ಗೊತ್ತಿದ್ದರೆ ಎರಡು ಭಾನುವಾರದ ಕೆಲಸ ಇದು. ಗೊತ್ತಿಲ್ಲದಿದ್ದರೆ ಅಳತೆ ನೀವು ತೆಗೆದು, ಕತ್ತರಿಸುವುದನ್ನು ಬಡಗಿಗೆ ಬಿಡಿ. ನಾನು ಹಾಗೇ ಮಾಡಿದೆ. ನಕ್ಷೆ ನೋಡಿದ ಬಡಗಿ ಒಂದು ನಿಮಿಷ ಸುಮ್ಮನಿದ್ದು, ‘ಏನ್ ಮೇಡಂ, ನಾಯಿಗೆ ಜಗಲಿ ಕಟ್ತಿದೀರಾ?’ ಎಂದರು. ಅವತ್ತಿನಿಂದ ನಮ್ಮನೆಯಲ್ಲಿ ಅದರ ಹೆಸರು ಜಗಲಿ ಅಂತಲೇ.

ಸೀಟು ಬಿಚ್ಚಬೇಡಿ

ಹಿಂದಿನ ಸೀಟನ್ನು ಪೂರ್ತಿ ಬಿಚ್ಚಿ ಹಾಕಿದರೆ ಜಾಗ ಜಾಸ್ತಿ ಸಿಗುತ್ತದೆ, ನಿಜ. ಆದರೆ ಎಷ್ಟು ಸೀಟು ಅನ್ನುವುದು ಗಾಡಿಯ ಆರ್‌ಸಿಯಲ್ಲಿ ಬರೆದಿರುತ್ತದೆ. ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ತಾಳೆಯಾಗದ ಹಾಗೆ ಬದಲಾವಣೆ ಮಾಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಗಾಡಿಗೆ ತೂತು ಕೊರೆಯುವುದು, ವೆಲ್ಡಿಂಗ್ ಮಾಡಿಸುವುದು ಕೂಡ ಬೇಡ. ನಮ್ಮ ಜಗಲಿಯನ್ನು ಹತ್ತು ನಿಮಿಷದಲ್ಲಿ ಎತ್ತಿ ಹೊರಗಿಡಬಹುದು. ಊರಿಂದ ಅತ್ತೆ ಬಂದಾಗ ಸೀಟು ಬೇಕಲ್ಲ!

ಹೆಚ್ಚಿನ ಪಿಕಪ್‌ಗಳಲ್ಲಿ ಹಿಂದಿನ ಸೀಟಿನ ಕೂರುವ ಭಾಗವನ್ನು ಮೇಲಕ್ಕೆ ಮಡಚಿ ನಿಲ್ಲಿಸಬಹುದು. ಹಾಗೆ ಮಡಚಿದಾಗ ಕೆಳಗೆ ಸಿಗುವ ನೆಲದ ಮೇಲೆ ಜಗಲಿ ಕೂರುತ್ತದೆ. ಸೀಟು ಮಡಚಲು ಬರದ ಗಾಡಿಯಾದರೆ ಕಾಲಿಡುವ ಜಾಗಕ್ಕಷ್ಟೇ ಸೀಟಿನ ಎತ್ತರದ ಪೆಟ್ಟಿಗೆ ಮಾಡಿ ಇಡಿ, ಅದರ ಮೇಲಿಂದ ಸೀಟಿನ ತನಕ ಒಂದೇ ಹಾಸು ಹಾಸಿ. ಸ್ವಲ್ಪ ಇಳಿಜಾರಾಗುತ್ತದೆ, ಪರವಾಗಿಲ್ಲ.

ಅಳತೆಯಲ್ಲೇ ಅರ್ಧ ಕೆಲಸ

ಅಳೆಯುವ ಮುಂಚೆ ಒಂದು ಮಾತು. ಗಾಡಿ ಓಡಿಸುವವರಲ್ಲಿ ಅತಿ ಎತ್ತರದವರನ್ನು ಕರೆದು ಮುಂದಿನ ಸೀಟಿನಲ್ಲಿ ಕೂರಿಸಿ, ಅವರಿಗೆ ಬೇಕಾದಷ್ಟು ಸೀಟು ಹಿಂದಕ್ಕೆ ತಳ್ಳಿಸಿ. ಆಮೇಲೆ ಟೇಪ್ ಹಿಡಿಯಿರಿ. ನಮ್ಮನೆಯಲ್ಲಿ ಆರಡಿ ಇರುವ ನನ್ನ ತಮ್ಮ ಈ ಕೆಲಸಕ್ಕೆ ಬಂದ. ಇಲ್ಲದಿದ್ದರೆ ನನ್ನ ಎತ್ತರಕ್ಕೆ ಅಳತೆ ತೆಗೆದು, ಅವನು ಗಾಡಿ ಓಡಿಸುವಾಗ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು.

ನಮ್ಮ ಗಾಡಿಯಲ್ಲಿ ಬಾಗಿಲಿಂದ ಬಾಗಿಲಿಗೆ 52 ಇಂಚು ಅಗಲ, ಮಡಚಿದ ಸೀಟಿಂದ ಮುಂದಿನ ಸೀಟಿನ ಬೆನ್ನಿಗೆ 24 ಇಂಚು ಸಿಕ್ಕಿತು. ನಿಮ್ಮದು ಬೇರೆಯೇ ಇರುತ್ತದೆ. ಟೇಪನ್ನು ಮಾತ್ರ ನಂಬಬೇಡಿ. ಗಾಡಿಯ ಒಳಗೆ ಯಾವ ಗೋಡೆಯೂ ನೇರವಾಗಿರಲ್ಲ. ಬಾಗಿಲಿನ ಕಂಬ ಒಳಕ್ಕೆ ಉಬ್ಬಿರುತ್ತದೆ, ನೆಲದ ನಡುವೆ ದಿಣ್ಣೆ ಇರುತ್ತದೆ. ಫ್ರಿಜ್ ಬಂದ ರಟ್ಟಿನ ಡಬ್ಬ ಸಿಕ್ಕರೆ ಅದನ್ನು ಬಿಡಿಸಿ, ಒಳಗಿಟ್ಟು, ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹೊಂದಿಸಿ. ರಟ್ಟು ಸರಿಯಾಗಿ ಕೂತ ಮೇಲೆ ಸುತ್ತಲೂ ಅರ್ಧ ಇಂಚು ಕಮ್ಮಿ ಮಾಡಿ. ಮೇಲೆ ಹೊದಿಸುವ ಬಟ್ಟೆಗೆ ಅಷ್ಟು ಬೇಕು.

ಎತ್ತರ ಎಷ್ಟಿರಬೇಕು? ನಾಯಿಯನ್ನು ನಿಲ್ಲಿಸಿ ಕಾಲಿನಿಂದ ತಲೆಯವರೆಗೆ ಅಳೆಯಿರಿ. ಜಗಲಿಯ ಮೇಲೆ ನಿಂತಾಗ ತಲೆ ಚಾವಣಿಗೆ ತಾಗಬಾರದು. ಕಿಟಕಿಯ ಕೆಳಗಿನ ಅಂಚು ಅದರ ಎದೆಗಿಂತ ಮೇಲೇ ಇರಬೇಕು. ಹೊರಗೆ ನೋಡಲಿ, ಹೊರಗೆ ನೇತಾಡುವುದು ಬೇಡ. ನಾನು ಹಲಗೆಯೂ ಸೇರಿ 11 ಇಂಚಿಗೆ ನಿಲ್ಲಿಸಿದೆ. ಕೆಂಚ ಬೀದಿಯಿಂದ ಬಂದ ನಮ್ಮ ನಾಟಿ ನಾಯಿ, 22 ಕೆಜಿ. ಜೊತೆಗೆ 30 ಕೆಜಿಯ ಮುದುಕಿ ಲ್ಯಾಬ್ರಡಾರ್ ಚಿನ್ನಿ. ಮುದಿ ನಾಯಿ ಇದ್ದರೆ ಜಗಲಿ ತಗ್ಗಿದ್ದಷ್ಟೂ ಒಳ್ಳೆಯದು.

ಇನ್ನೆರಡು ಕಡೆ ಗುರುತು ಹಾಕಿಕೊಳ್ಳಿ. ಒಂದು, ಸೀಟ್ ಬೆಲ್ಟಿನ ಬಕಲ್. ಸೀಟು ಮಡಚುವ ಮುಂಚೆಯೇ ಅವನ್ನು ಹೊರಗೆಳೆದುಕೊಳ್ಳಿ, ಹಿಂದೆ ಸಿಕ್ಕಿಕೊಂಡರೆ ಆಮೇಲೆ ಕೈಗೆ ಸಿಗಲ್ಲ. ಬಕಲ್ ಮೇಲೆ ಬರುವ ಕಡೆ ಹಲಗೆಯ ಹಿಂದಿನ ಅಂಚಿನಲ್ಲಿ 3 ಇಂಚು ಅಗಲದ ಕಚ್ಚು ಬೇಕು. ಎರಡು, ಮುಂದಿನ ಸೀಟಿನ ಕೆಳಗೆ ಕೈಯಿಟ್ಟು ಏಸಿ ಗಾಳಿ ಬರುತ್ತದಾ ನೋಡಿ. ಬರುತ್ತಿದ್ದರೆ ಅದಕ್ಕೆ ಅಡ್ಡ ಹಲಗೆ ಕಟ್ಟಬಾರದು.

ಹಲಗೆ ಕೊಳ್ಳುವಾಗ

ಸಿದ್ದಯ್ಯ ರಸ್ತೆಯಲ್ಲೋ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯೋ ಹೋದರೆ ಪ್ಲೈವುಡ್ ಅಂಗಡಿಗಳಿಗೆ ಬರವಿಲ್ಲ. ಕೇಳಬೇಕಾದ್ದು ಕುದಿಯುವ ನೀರನ್ನೂ ತಾಳುವ ಬಿಡಬ್ಲ್ಯುಪಿ ಪ್ಲೈ. ಹಾಳೆಯ ಮೇಲೆ ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆ ಇದೆಯಾ ನೋಡಿ. ಐಎಸ್ 303 ಎಂದಿದ್ದರೆ ಅದರಲ್ಲಿ ತೇವವನ್ನಷ್ಟೇ ತಾಳುವ ಎಂಆರ್ ಪ್ಲೈ ಕೂಡ ಇರುತ್ತದೆ, ಅದು ಮನೆಯೊಳಗಿನ ಬೀರುವಿಗೆ ಸರಿ. ಮಳೆಯಲ್ಲಿ ನೆಂದ ನಾಯಿ ಮೈ ಕೊಡವಿದರೆ ಎಷ್ಟು ನೀರು ಅಂತ ನಾಯಿ ಸಾಕಿದವರಿಗೆ ಗೊತ್ತು. ಅದಕ್ಕೆ 710 ಬೇಕು.

ಮೇಲಿನ ಹಲಗೆಗೆ 18 ಎಂಎಂ, ಕೆಳಗಿನ ಗೋಡೆಗಳಿಗೆ 12 ಎಂಎಂ ಸಾಕು. ಎಲ್ಲದಕ್ಕೂ 18 ಹಾಕಿದರೆ ಗಟ್ಟಿ ಇರುತ್ತದೆ, ಆದರೆ ಎತ್ತಿಡುವಾಗ ಸೊಂಟ ಮಾತಾಡುತ್ತದೆ. 8 ಅಡಿ 4 ಅಡಿಯ 18 ಎಂಎಂ ಹಾಳೆ ಒಂದೇ 30 ಕೆಜಿ ದಾಟುತ್ತದೆ. ಅಂಗಡಿಯವರು ತುಂಡು ಕೊಡುವುದಾದರೆ ತುಂಡೇ ತನ್ನಿ.

ಈಗ ನನ್ನ ತಪ್ಪು. 51 ಇಂಚಿನ ಹಲಗೆಯನ್ನು ಒಂದೇ ತುಂಡಾಗಿ ಮಾಡಿಸಿ, ಕೆಳಗೆ ಕಾಲು ಕೂರಿಸಿ, ಉಜ್ಜಿ ನುಣುಪು ಮಾಡಿ ಗಾಡಿಯ ಹತ್ತಿರ ಹೊತ್ತುಕೊಂಡು ಹೋದೆವು. ಬಾಗಿಲಲ್ಲಿ ಹೋಗಲಿಲ್ಲ. ಓರೆ ಮಾಡಿದೆವು, ತಲೆಕೆಳಗೆ ಮಾಡಿದೆವು. ಪಕ್ಕದ ಮನೆ ಆಂಟಿ ಕಾಂಪೌಂಡಿನಿಂದಲೇ ಸಲಹೆ ಕೊಟ್ಟರು. ಊಹೂಂ. ಕೊನೆಗೆ ಗರಗಸವೇ ಗತಿ.

ಹಾಗಾಗಿ ಮೊದಲೇ ಎರಡು ಪೆಟ್ಟಿಗೆಗಳಾಗಿ ಮಾಡಿ. ನಮ್ಮದರಲ್ಲಿ ಈಗ 30 ಇಂಚಿನದ್ದೊಂದು, 21 ಇಂಚಿನದ್ದೊಂದು. ಇದರಿಂದ ಲಾಭವೂ ಇದೆ. ಹಿಂದೆ ಒಬ್ಬರು ಕೂರಬೇಕಾದರೆ ಸಣ್ಣದನ್ನು ತೆಗೆದು ಆ ಕಡೆಯ ಸೀಟು ಇಳಿಸಿದರಾಯಿತು.

ಜೋಡಿಸುವುದು

ಪ್ರತಿ ಪೆಟ್ಟಿಗೆಗೂ ಎರಡು ಪಕ್ಕದ ಗೋಡೆ, ಒಂದು ಮುಂದಿನ ಗೋಡೆ, ಹಿಂದೆ ಬಿಗಿಗೆ ಒಂದು ರೀಪರ್, ಅಂದರೆ ಮರದ ಪಟ್ಟಿ. ದೊಡ್ಡದಕ್ಕೆ ನಡುವೆ ಇನ್ನೊಂದು ಗೋಡೆ, ನೆಲದ ದಿಣ್ಣೆಗೆ ತಾಗದ ಹಾಗೆ. ಏಸಿ ಗಾಳಿ ಬರುವ ಗಾಡಿಯಾದರೆ ಮುಂದಿನ ಗೋಡೆಯಲ್ಲಿ ಅಲ್ಲಿಗೆ ಸರಿಯಾಗಿ ದೊಡ್ಡ ಕಿಂಡಿ ಬಿಡಿ.

ಪ್ಲೈವುಡ್ಡಿನ ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಪದರ ಸೀಳುತ್ತದೆ. 12 ಎಂಎಂ ಗೋಡೆಗಂತೂ ಹಾಗೆ ಮಾಡಲೇಬೇಡಿ. ಒಳಮೂಲೆಯಲ್ಲಿ ಒಂದು ಇಂಚಿನ ರೀಪರ್ ಇಟ್ಟು, ಗೋಡೆಯನ್ನೂ ಹಲಗೆಯನ್ನೂ ಅದಕ್ಕೆ ಸ್ಕ್ರೂ ಮಾಡಿ. ಮೊದಲು ಸಣ್ಣ ಬಿಟ್‌ನಿಂದ ತೂತು ಕೊರೆದು, ನೀರು ತಡೆಯುವ ಮರದ ಅಂಟು ಹಚ್ಚಿ, ಐದಾರು ಇಂಚಿಗೊಂದು ಸ್ಕ್ರೂ. ತಲೆ ಹಲಗೆಯೊಳಗೆ ಮುಳುಗಬೇಕು. ಅಂಟು ಒಣಗಲು ಒಂದು ರಾತ್ರಿ ಬಿಡಿ.

ಗಾಡಿಯ ನೆಲ ಸಮ ಇರುವುದಿಲ್ಲ ಎಂದೆನಲ್ಲ, ಅದಕ್ಕೆ ಪರಿಹಾರ ವಾಷಿಂಗ್ ಮಷಿನ್ ಕೆಳಗಿರುವಂಥ ತಿರುಗಿಸಿ ಎತ್ತರ ಹೊಂದಿಸುವ ರಬ್ಬರ್ ಕಾಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೂಲೆಗೊಂದು ಹಾಕಿ, ಹಲಗೆಯ ಮೇಲೆ ಕೈಯೂರಿ ಒತ್ತಿ. ಒಂದು ಮೂಲೆ ಟಕ್ ಅಂದರೂ ಸರಿ ಮಾಡಿ. ನಮಗೆ ಆ ಟಕ್ ಟಕ್ ಒಂದು ಕಿರಿಕಿರಿ ಅಷ್ಟೆ. ನಾಯಿಗೆ ಅದು ನೆಲವೇ ಅಲ್ಲಾಡಿದ ಹಾಗೆ.

ಸಣ್ಣ ಪೆಟ್ಟಿಗೆಯ ಹಲಗೆಯನ್ನು ಪೂರ್ತಿ ಸ್ಕ್ರೂ ಮಾಡದೆ ಕೀಲು ಹಾಕಿ ಮುಚ್ಚಳದಂತೆ ಮಾಡಿಸಿ. ಕೆಲವು ಪಿಕಪ್‌ಗಳಲ್ಲಿ ಜಾಕು, ಪಾನಾ ಹಿಂದಿನ ಸೀಟಿನ ಕೆಳಗೇ ಇರುತ್ತವೆ. ಪಂಕ್ಚರ್ ಆದಾಗ ಇಡೀ ಜಗಲಿ ಬಿಚ್ಚುತ್ತಾ ಕೂರಲಾಗದು. ನೀರಿನ ಬಾಟಲಿ, ಬಟ್ಟಲು, ಹಳೇ ಟವೆಲ್ ಕೂಡ ಅಲ್ಲೇ ಇರುತ್ತವೆ. ಎರಡೂ ಪೆಟ್ಟಿಗೆಗಳನ್ನು ಒಂದಕ್ಕೊಂದು ತಾಗುವ ಪಕ್ಕದ ಗೋಡೆಗಳಲ್ಲಿ ಎರಡು ಬೋಲ್ಟ್ ಹಾಕಿ, ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್‌ನಿಂದ ಬಿಗಿಯಿರಿ.

ಅಂಚುಗಳನ್ನೆಲ್ಲ ಉಪ್ಪು ಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿ. ಎರಡು ಕೋಟು ವಾರ್ನಿಷ್ ಬೇಕು, ಕತ್ತರಿಸಿದ ಅಂಚಿಗೆ ಇನ್ನೊಂದು ಜಾಸ್ತಿ. ನೀರು ಒಳಗೆ ಹೋಗುವುದು ಅಲ್ಲಿಂದಲೇ. ಆಮೇಲೆ ವಾಸನೆ ಪೂರ್ತಿ ಹೋಗುವವರೆಗೆ ತಾರಸಿಯಲ್ಲಿ ಬಿಡಿ. ನಿಮ್ಮ ಮೂಗಿಗೆ ಹೋದರೆ ಸಾಲದು, ನಾಯಿಯ ಮೂಗಿಗೆ ಹೋಗಬೇಕು. ಅದಕ್ಕೆ ಇನ್ನೂ ಎರಡು ದಿನ ಸೇರಿಸಿ.

ಮೇಲಿನ ಹಾಸು

ಇಲ್ಲಿ ಜನ ದುಡ್ಡು ಹಾಕಿ ಕೆಡಿಸುತ್ತಾರೆ. ನುಣುಪಾದ ರೆಕ್ಸಿನ್ ಒರೆಸಲು ಸುಲಭ, ನೋಡಲು ಚೆಂದ. ತಿರುವಿನಲ್ಲಿ ನಾಯಿ ಅದರ ಮೇಲೆ ಕೇರಂ ಕಾಯಿ ಥರ ಜಾರುತ್ತದೆ. ದಪ್ಪ ಫೋಮ್ ಕೂಡ ಬೇಡ. ಮೆತ್ತಗಿನ ಹಾಸಿಗೆ ಮಲಗಿರುವ ನಾಯಿಗೆ ಹಿತ, ನಿಂತ ನಾಯಿಗೆ ಕಾಲು ಹೂಳುತ್ತದೆ. ಅರ್ಧ ಇಂಚಿನ ಗಟ್ಟಿ ಫೋಮ್, ಅದರ ಮೇಲೆ ಒರಟು ಮೇಲ್ಮೈಯ ಗಾಡಿ ಕಾರ್ಪೆಟ್ ಹಾಕಿ. ಜೆಸಿ ರಸ್ತೆಯಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಎರಡೂ ಸಿಗುತ್ತವೆ. ಅಂಚನ್ನು ಹಲಗೆಯ ಕೆಳಕ್ಕೆ ಮಡಚಿ ಸ್ಟೇಪ್ಲರ್ ಗನ್‌ನಿಂದ ಹೊಡೆಯಿರಿ. ಚಿನ್ನಿಯ ಮುದಿ ಮೂಳೆಗೆಂದು ನಾವು ಅದರ ಮೇಲೊಂದು ಹಳೇ ಜಮಖಾನ ಹಾಸಿ, ಅಡಿಗೆ ಯೋಗ ಮ್ಯಾಟ್ ಇಟ್ಟಿದ್ದೇವೆ. ಒಗೆಯಲು ಜಮಖಾನ ಒಂದೇ ಸಾಕು.

ಕಟ್ಟುವುದು: ಜಗಲಿ ಬೇರೆ, ನಾಯಿ ಬೇರೆ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಗುದ್ದಿ ನಿಂತರೆ, ಕಟ್ಟದ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಲೆಕ್ಕ ಹಾಕಿದರೆ ಅದು ಸುಮಾರು 10 ಮೀಟರ್, ಅಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಹಾಗೆ. ಹಲಗೆಯೂ ಅಷ್ಟೇ, ಬಿಟ್ಟರೆ ಹಾರುತ್ತದೆ.

ಜಗಲಿಯನ್ನು ಲಗೇಜ್ ಕಟ್ಟುವ ಬಕಲ್ ಪಟ್ಟಿಯಿಂದ ಹಿಂದಿನ ಸೀಟಿನ ಕಬ್ಬಿಣದ ಕಾಲಿಗೆ ಎರಡು ಕಡೆ ಬಿಗಿಯಿರಿ. ನಾಯಿಯನ್ನು ಮಾತ್ರ ಹಲಗೆಗೆ ಕಟ್ಟಬೇಡಿ. ಹಲಗೆಗೆ ಸ್ಕ್ರೂ ಮಾಡಿದ ಕೊಕ್ಕೆ ಎಳೆತಕ್ಕೆ ಕಿತ್ತು ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್‌ನಿಂದ ಗಾಡಿಯದೇ ಸೀಟ್ ಬೆಲ್ಟ್ ಬಕಲ್‌ಗೆ ಪಟ್ಟಿ ಹೋಗಬೇಕು. ಅದಕ್ಕೇ ಆ ಕಚ್ಚು ಬಿಟ್ಟಿದ್ದು. ಕತ್ತಿನ ಪಟ್ಟಿಗೆ ಎಂದೂ ಬೇಡ, ಬ್ರೇಕ್ ಹಾಕಿದರೆ ಎಳೆತವೆಲ್ಲ ಕತ್ತಿಗೇ. ಪಟ್ಟಿಯ ಉದ್ದ ನಾಯಿ ಎದ್ದು ಸುತ್ತಿ ಮಲಗುವಷ್ಟಿರಲಿ. ಮುಂದಿನ ಸೀಟಿಗೆ ದಾಟುವಷ್ಟು ಬೇಡ.

ನಾಯಿ ಹತ್ತಿಸುವ ಮುಂಚೆ ಪರೀಕ್ಷೆ ಮಾಡಿ. 25 ಕೆಜಿಯ ಸೋನಾ ಮಸೂರಿ ಮೂಟೆ ಎರಡು ತಂದು, ಬೆಲ್ಟಿನಿಂದ ಬಿಗಿದು ಜಗಲಿಯ ಮೇಲಿಟ್ಟೆವು. ಬೆಳಗಿನ ಜಾವ ಬಡಾವಣೆಯ ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ನಿಧಾನದ ವೇಗದಲ್ಲೇ ನಾಲ್ಕೈದು ಸಲ ಗಟ್ಟಿ ಬ್ರೇಕ್ ಹಾಕಿದೆ. ಪೆಟ್ಟಿಗೆ ಕಾಲಿಂಚು ಮುಂದೆ ಸರಿದಿತ್ತು. ಪಟ್ಟಿ ಇನ್ನೊಂದು ಸುತ್ತು ಬಿಗಿಸಿದೆವು. ಅಕ್ಕಿಗೇನೂ ಆಗಲಿಲ್ಲ, ಮನೆಗೆ ತಂದು ಅನ್ನ ಮಾಡಿದೆವು.

ನಾಯಿಯನ್ನು ಒಪ್ಪಿಸುವುದು

ಇದಕ್ಕೆ ಆತುರ ಬೇಡ. ದೊಡ್ಡ ಪೆಟ್ಟಿಗೆಯನ್ನು ಐದು ದಿನ ಮನೆಯ ನಡುಮನೆಯಲ್ಲಿಟ್ಟು ಅದರ ಮೇಲೇ ಊಟ ಹಾಕಿದೆ. ಮೊದಲ ದಿನ ಕೆಂಚ ಮುಂಗಾಲು ಮಾತ್ರ ಇಟ್ಟು ಕತ್ತು ಚಾಚಿ ತಿಂದ. ಮೂರನೇ ದಿನ ಮೇಲೆ ಮಲಗಿದ್ದ. ಆಮೇಲೆ ನಿಂತ ಗಾಡಿಯಲ್ಲಿ, ಆಮೇಲೆ ಬೀದಿ ಕೊನೆಯವರೆಗೆ, ಆಮೇಲೆ ಕನಕಪುರ ರಸ್ತೆಗೆ. ದೂರ ಹೊರಡುವುದಾದರೆ ಮೂರು ನಾಲ್ಕು ಗಂಟೆ ಮುಂಚೆಯೇ ಊಟ ಮುಗಿಸಿ. ಎರಡು ಗಂಟೆಗೊಮ್ಮೆ ಇಳಿಸಿ ನೀರು ಕೊಡಿ.

ಜಗಲಿ ಎಷ್ಟೇ ಚೆನ್ನಾಗಿರಲಿ, ನಾಯಿಯನ್ನು ಒಳಗೆ ಬಿಟ್ಟು ಕಾಫಿಗೆ ಹೋಗಬೇಡಿ. ಬೆಂಗಳೂರಿನ ತಂಪು ಮೋಸ ಮಾಡುತ್ತದೆ. ಹೊರಗೆ 24 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಮುಚ್ಚಿದ ಗಾಡಿಯ ಒಳಗೆ ಹತ್ತು ನಿಮಿಷದಲ್ಲಿ 34, ಅರ್ಧ ಗಂಟೆಯಲ್ಲಿ 43 ಡಿಗ್ರಿವರೆಗೆ ಏರಬಹುದು. ಕಿಟಕಿ ಎರಡಿಂಚು ಇಳಿಸಿದರೆ ದೊಡ್ಡ ವ್ಯತ್ಯಾಸವೇನೂ ಆಗಲ್ಲ.

ಒಂದು ತಿಂಗಳಾದ ಮೇಲೆ ಎಲ್ಲವನ್ನೂ ಒಮ್ಮೆ ಹೊರಗೆ ತೆಗೆದು, ಕೆಳಗೆ ಸೇರಿದ ಕೂದಲು ಗುಡಿಸಿ, ಸ್ಕ್ರೂ ಬೋಲ್ಟ್ ಮುಟ್ಟಿ ನೋಡಿ. ನಮ್ಮದರಲ್ಲಿ ಸಡಿಲವಾಗಿದ್ದು ರೆಕ್ಕೆ ನಟ್ ಎರಡೇ. ಸ್ಪ್ರಿಂಗ್ ವಾಷರ್ ಹಾಕಿದ ಮೇಲೆ ಅವೂ ಅಲ್ಲಾಡಿಲ್ಲ. ಕೂದಲು ಮಾತ್ರ ಅರ್ಧ ದಿಂಬಿಗಾಗುವಷ್ಟಿತ್ತು, ಜೊತೆಗೆ ಕಳೆದುಹೋಗಿತ್ತೆಂದು ಮೂರು ವಾರ ಹುಡುಕಿದ ನನ್ನ ತಮ್ಮನ ಒಂದು ಚಪ್ಪಲಿ.